ತೋಳಿನ ಸುತ್ತಳತೆಯೂ ತೋಳಿನ ಬಲವೂ

ಈ ವರ್ಷ ನಮ್ಮಲ್ಲಿ ಜಿಮ್‌ಗೆ ಹೋಗುವವರು ಹೆಚ್ಚಿದ್ದಾರೆ. ಕ್ಲಾಸ್ ಬಿಟ್ಟ ಕೂಡಲೇ ಕೆಲವರು ಉಡುಪಿ, ಮಣಿಪಾಲದ ಬಸ್ಸು ಹತ್ತುತ್ತಾರೆ, ಕೆಲವರು ಕಾಪು ಪೇಟೆಯಲ್ಲೇ ಮುಗಿಸುತ್ತಾರೆ. ಒಳ್ಳೆಯದೇ. ಸಂಜೆಯಿಡೀ ಮೊಬೈಲ್ ಹಿಡಿದು ಕೂರುವುದಕ್ಕಿಂತ ಡಂಬೆಲ್ ಹಿಡಿಯುವುದು ಎಷ್ಟೋ ಮೇಲು. ಆದರೆ ಕ್ಯಾಂಟೀನಿನಲ್ಲಿ ಕೇಳಿಬರುವ ಎರಡು ಮಾತುಗಳ ಬಗ್ಗೆ ನನಗೆ ತಕರಾರಿದೆ. ಮೈ ದಪ್ಪವಾದಷ್ಟೂ ಬಲ ಹೆಚ್ಚು ಎನ್ನುವುದು ಒಂದು. ಭಾರ ಎತ್ತಿದರೆ ಮೈ ಬಿಗಿದುಕೊಂಡು ಓಟ ನಿಧಾನವಾಗುತ್ತದೆ ಎನ್ನುವುದು ಇನ್ನೊಂದು. ಎರಡನ್ನೂ ನಂಬಿ ನಮ್ಮ ಹುಡುಗರು ದುಡ್ಡು, ಸಮಯ ಎರಡನ್ನೂ ಕಳೆಯುತ್ತಿದ್ದಾರೆ.

ಮೊದಲನೆಯ ಮಾತಿಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ್ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವೇಟ್‌ಲಿಫ್ಟಿಂಗ್ ಬೆಳ್ಳಿ ಗೆದ್ದರು. ಅವರ ವಿಭಾಗ 56 ಕೆ.ಜಿ. ಅಂದರೆ ನಮ್ಮ ಕ್ಲಾಸಿನ ಸಾಧಾರಣ ಹುಡುಗನ ತೂಕ. ಸ್ನ್ಯಾಚ್‌ನಲ್ಲಿ 111 ಕೆ.ಜಿ., ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 138 ಕೆ.ಜಿ., ಒಟ್ಟು 249. ತನ್ನ ಮೈತೂಕದ ಸುಮಾರು ಎರಡೂವರೆ ಪಟ್ಟನ್ನು ತಲೆಯ ಮೇಲೆ ಎತ್ತಿ ನಿಲ್ಲಿಸಿದ ಮನುಷ್ಯ ಅಂಗಿ ಹಾಕಿ ಬಸ್ಸಿನಲ್ಲಿ ನಮ್ಮ ಪಕ್ಕ ಕುಳಿತರೆ ನಾವು ತಿರುಗಿಯೂ ನೋಡಲಿಕ್ಕಿಲ್ಲ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ ಮತ್ತೆ ಕಂಚು ತಂದರು.

ಹಾಗಾದರೆ ಗಾತ್ರಕ್ಕೆ ಬೆಲೆಯೇ ಇಲ್ಲವೇ? ಇದೆ. ಸ್ನಾಯುವನ್ನು ಅಡ್ಡ ಕತ್ತರಿಸಿದರೆ ಕಾಣುವ ಅಗಲ ಹೆಚ್ಚಿದಷ್ಟೂ ಅದು ಹೆಚ್ಚು ಬಲ ಹಾಕಬಲ್ಲದು. ಆಕ್ಟಿನ್, ಮಯೋಸಿನ್ ಪಾಠ ಓದಿದವರಿಗೆ ಇದು ಹೊಸತಲ್ಲ. ಆದರೆ ಅದೇ ಪಾಠದಲ್ಲಿ ಮೋಟಾರ್ ಯೂನಿಟ್ ಎಂಬ ಮಾತೂ ಬರುತ್ತದೆ, ಅದನ್ನು ನಾವು ಒಂದು ಅಂಕದ ಪ್ರಶ್ನೆಗೆ ಉರು ಹೊಡೆದು ಬಿಟ್ಟುಬಿಡುತ್ತೇವೆ. ನರ ಕರೆದರೆ ಮಾತ್ರ ಸ್ನಾಯು ಕೆಲಸ ಮಾಡುತ್ತದೆ. ಹೊಸದಾಗಿ ಜಿಮ್ ಸೇರಿದವನು ಮೊದಲ ಕೆಲವು ವಾರಗಳಲ್ಲಿ ಬೇಗಬೇಗ ಭಾರ ಏರಿಸುತ್ತಾನೆ, ಕನ್ನಡಿಯಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ. ಆ ಹೊತ್ತಿಗೆ ಬೆಳೆದದ್ದು ಮುಖ್ಯವಾಗಿ ನರಗಳ ಅಭ್ಯಾಸ. ಬೇಸರಗೊಂಡು ಪೌಡರ್ ಡಬ್ಬಿ ತರುವುದೂ ಸಾಮಾನ್ಯವಾಗಿ ಇದೇ ಹೊತ್ತಿಗೆ!

ವೇಗದ ಲೆಕ್ಕ ಬೇರೆ. ಅದಕ್ಕೆ ಭೌತಶಾಸ್ತ್ರದ ನೋಟ್ಸ್ ಸಾಕು: ವೇಗೋತ್ಕರ್ಷವೆಂದರೆ ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದ್ದು. ತೊಡೆ, ಪೃಷ್ಠದ ಸ್ನಾಯು ಬೆಳೆದರೆ ಓಟಕ್ಕೆ ಬಲ ಸಿಗುತ್ತದೆ. ಎದೆ, ತೋಳಿಗಷ್ಟೇ ಐದು ಕೆ.ಜಿ. ಸೇರಿಸಿದರೆ ಅದನ್ನು ಹೊರುವುದು ಅದೇ ಹಳೆಯ ಕಾಲು. ಉಸೇನ್ ಬೋಲ್ಟ್ ತೊಂಬತ್ತು ಕೆ.ಜಿ. ಮೀರಿದ ಆಳು, 2009ರಲ್ಲಿ ಬರ್ಲಿನ್‌ನಲ್ಲಿ ನೂರು ಮೀಟರನ್ನು 9.58 ಸೆಕೆಂಡಿನಲ್ಲಿ ಮುಗಿಸಿದರು. ಹಾಗಾಗಿ ಭಾರ ಎತ್ತುವವನು ನಿಧಾನ ಎಂಬ ಮಾತು ನಿಲ್ಲುವುದಿಲ್ಲ. ಅದೇ ಬೋಲ್ಟ್ ತೆಂಗಿನ ಮರ ಹತ್ತಬೇಕಾದರೆ ನಮ್ಮೂರಿನ ಸಣಕಲು ಕಾಯಿ ಕೀಳುವವರೇ ಗೆಲ್ಲುತ್ತಾರೆ. ಅಲ್ಲಿ ತನ್ನ ಮೈಯನ್ನು ತಾನೇ ಎತ್ತಬೇಕಲ್ಲ.

ಬೋಲ್ಟ್ ಹೆಸರು ಬಂದ ಮೇಲೆ ಕಂಬಳದ ಮಾತು ಬಾರದೆ ಇರದು. 2020ರ ಫೆಬ್ರವರಿಯಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಇಡೀ ದೇಶ ಲೆಕ್ಕ ಹಾಕಿತು. ಕೆಲವೇ ದಿನಗಳಲ್ಲಿ ಕಾರ್ಕಳದ ಬಜಗೋಳಿಯ ನಿಶಾಂತ್ ಶೆಟ್ಟಿಯವರ ಹೆಸರೂ ಬಂತು. ಕೋಣಗಳು ಎಳೆಯುವ ಓಟವನ್ನು ಟ್ರ್ಯಾಕ್ ಓಟದ ಜೊತೆ ಅಳೆಯುವುದು ಸರಿಯಲ್ಲ, ಅದನ್ನು ಗೌಡರೇ ಹೇಳಿದ್ದರು: ಕಂಬಳದಲ್ಲಿ ಹಿಮ್ಮಡಿ, ಟ್ರ್ಯಾಕಿನಲ್ಲಿ ಮುಂಗಾಲು. ನನಗೆ ಆ ಸೆಕೆಂಡುಗಳಿಗಿಂತ ಈ ಮಾತೇ ದೊಡ್ಡದು. ದೇಹ ಯಾವ ಕೆಲಸವನ್ನು ಅಭ್ಯಾಸ ಮಾಡುತ್ತದೋ ಅದರಲ್ಲೇ ಪಳಗುತ್ತದೆ.

ಮೈ ಬಾಗುವ ವಿಷಯದಲ್ಲೂ ಇದೇ ಕತೆ. ಸ್ನ್ಯಾಚ್ ಎತ್ತುವವರು ಪೂರ್ತಿ ಕುಕ್ಕರಗಾಲಿನಲ್ಲಿ ಕೂತು ಭಾರವನ್ನು ತಲೆಯ ಮೇಲೆ ಹಿಡಿಯುತ್ತಾರೆ. ಹಿಮ್ಮಡಿ, ಸೊಂಟ, ಭುಜ ಚೆನ್ನಾಗಿ ಬಾಗದಿದ್ದರೆ ಅದು ಆಗದ ಕೆಲಸ. ಕೀಲು ಪೂರ್ತಿ ಬಾಗುವಷ್ಟು ಇಳಿದು ಏರಿ ಎತ್ತಿದರೆ ಬಾಗುವ ಶಕ್ತಿ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಬಿಗಿದುಕೊಳ್ಳುವುದು ಅರ್ಧಕ್ಕೇ ನಿಲ್ಲಿಸಿ ಎತ್ತುವವರ ಮೈ, ಜೊತೆಗೆ ದಿನವಿಡೀ ಬೆಂಚಿನ ಮೇಲೆ ಕೂರುವ ನಮ್ಮೆಲ್ಲರ ಮೈ.

ಹುಡುಗಿಯರಿಗೂ ಒಂದು ಮಾತು. ಭಾರ ಎತ್ತಿದರೆ ಗಂಡಸರ ಹಾಗೆ ದಪ್ಪವಾಗುತ್ತೇವೆ ಎಂದು ಹೆದರುವವರಿದ್ದಾರೆ. ಹೆಣ್ಣುಮಕ್ಕಳಲ್ಲಿ ಟೆಸ್ಟೊಸ್ಟಿರೋನ್ ತೀರಾ ಕಡಿಮೆ, ಬಲ ಬರುತ್ತದೆ, ಗಾತ್ರ ಅಷ್ಟಾಗಿ ಬರುವುದಿಲ್ಲ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ಗಳಲ್ಲಿ ಕಬಡ್ಡಿ ಚಿನ್ನ ಗೆದ್ದ ತಂಡಗಳಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಹಿಡಿಯಲು ಬಲ, ತಪ್ಪಿಸಿಕೊಳ್ಳಲು ವೇಗ, ಗೆರೆ ಮುಟ್ಟಲು ಚಾಚುವ ಮೈ, ಮೂರೂ ಬೇಕಾದ ಆಟ ಅದು.

ಡಬ್ಬಿಯ ವಿಷಯ. ಪ್ರೊಟೀನ್ ಪೌಡರ್ ವಿಷವಲ್ಲ, ಮಂತ್ರವೂ ಅಲ್ಲ. ಅರುವತ್ತು ಕೆ.ಜಿ. ತೂಗಿ ಗಂಭೀರವಾಗಿ ಭಾರ ಎತ್ತುವವನಿಗೂ ದಿನಕ್ಕೆ ನೂರು ಗ್ರಾಂ ಪ್ರೊಟೀನ್ ಧಾರಾಳ. ಮೊಟ್ಟೆಯೊಂದರಲ್ಲಿ ಆರು ಗ್ರಾಂ, ನೂರು ಗ್ರಾಂ ಬಂಗುಡೆಯಲ್ಲಿ ಹದಿನೆಂಟು ಇಪ್ಪತ್ತು. ಮಲ್ಪೆ ಬಂದರಿನ ಪಕ್ಕದಲ್ಲಿದ್ದುಕೊಂಡು ಎರಡು ಮೂರು ಸಾವಿರದ ಡಬ್ಬಿಗೆ ಅಪ್ಪನ ಮುಂದೆ ಕೈಯೊಡ್ಡುವುದೇಕೆ? ಯಾರೋ ಕೊಡುವ ಲೇಬಲ್ ಇಲ್ಲದ ಪುಡಿ, ಮಾತ್ರೆ, ಇಂಜೆಕ್ಷನ್ ಅಂತೂ ಮುಟ್ಟಲೇ ಕೂಡದು. ರಂಝಾನಿನಲ್ಲಿ ಮಸಲ್ ಕರಗಿಹೋಗುತ್ತದೆ ಎಂದು ಚಿಂತಿಸುವ ಗೆಳೆಯರೇ, ಇಫ್ತಾರ್ ಬಳಿಕ ವಾರಕ್ಕೆರಡು ದಿನ, ಭಾರ ಹಾಗೇ ಇಟ್ಟು ಸೆಟ್ ಅರ್ಧಕ್ಕಿಳಿಸಿ ಎತ್ತಿ. ಬಲ ಎಲ್ಲಿಯೂ ಹೋಗುವುದಿಲ್ಲ.

ಇಷ್ಟೆಲ್ಲ ಬರೆಯಲು ಕಾರಣ ನಮ್ಮ ಟೈಮ್ ಟೇಬಲ್. ದ್ವಿತೀಯ ಪಿಯುಸಿಯವರ ಆಟದ ಪೀರಿಯಡ್ ನವೆಂಬರ್ ಬಂದರೆ ಕೆಮಿಸ್ಟ್ರಿಗೆ, ಗಣಿತಕ್ಕೆ ಹೋಗುತ್ತದೆ. ಸಿಇಟಿ, ನೀಟ್ ಒತ್ತಡ ಅಧ್ಯಾಪಕರಿಗೂ ಇದೆ, ಒಪ್ಪುತ್ತೇನೆ. ಆದರೆ ಆ ಪೀರಿಯಡ್ ಹೋದಾಗ ಶುಲ್ಕ ಕೊಡಬಲ್ಲ ಹುಡುಗ ಜಿಮ್‌ಗೆ ಹೋಗುತ್ತಾನೆ, ಕೊಡಲಾಗದವನು ಸುಮ್ಮನಿರುತ್ತಾನೆ, ಹುಡುಗಿಯರಿಗೆ ಏನೂ ಇರುವುದಿಲ್ಲ. ನಮಗೆ ಯಂತ್ರಗಳು ಬೇಡ. ಮೈದಾನದ ಬದಿಯಲ್ಲಿ ಎರಡು ಪುಲ್‌ಅಪ್ ಕಂಬಿ, ಒಂದು ಬಾರ್‌ಬೆಲ್, ಹುಡುಗಿಯರಿಗೆ ಪ್ರತ್ಯೇಕ ಸಮಯ, ಸರಿಯಾಗಿ ಎತ್ತುವುದನ್ನು ತೋರಿಸಲು ನಮ್ಮ ಪಿ.ಟಿ. ಸರ್‌ಗೆ ವಾರಕ್ಕೆ ಎರಡು ಪೀರಿಯಡ್. ಮಾರ್ಚ್ ತನಕವೂ.