ನೆಲದ ಹಕ್ಕು, ನಾಲಗೆಯ ನೆನಪು

ವಾರ್ಷಿಕ ಉಪನ್ಯಾಸಗಳ ಬಗ್ಗೆ ನಮ್ಮಲ್ಲಿ ಹೆಚ್ಚಿನ ಆದರವಿಲ್ಲ. ಸ್ವಾಗತ, ಹಾರ, ಭಾಷಣ, ವಂದನಾರ್ಪಣೆ. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಭಾವಿಸುತ್ತೇವೆ. ಆಸ್ಟ್ರೇಲಿಯದ ಟೌನ್ಸ್‌ವಿಲ್ ನಗರದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ಎಡ್ಡಿ ಕೊಯ್ಕಿ ಮಾಬೋ ಅವರ ಹೆಸರಿನಲ್ಲಿ ಏರ್ಪಟ್ಟಿರುವ ವಾರ್ಷಿಕ ಉಪನ್ಯಾಸಮಾಲೆ ಇದಕ್ಕೆ ಅಪವಾದವೆಂದು ನಾನು ಬಲ್ಲೆ. ಅಲ್ಲಿ ಸ್ಮರಿಸಲ್ಪಡುವವರು ಪಂಡಿತರಲ್ಲ, ದಾನಿಗಳಲ್ಲ. ಅದೇ ವಿಶ್ವವಿದ್ಯಾಲಯದ ತೋಟದಲ್ಲಿ ಮಾಲಿಯಾಗಿ ದುಡಿದವರು.

ಮಾಬೋ ಟಾರೆಸ್ ಜಲಸಂಧಿಯ ಮೆರ್ ದ್ವೀಪದವರು. ತಲೆತಲಾಂತರದಿಂದ ಬಂದ ಭೂಮಿ ತನ್ನದೆಂದೇ ನಂಬಿದ್ದ ಅವರಿಗೆ, ಕಾನೂನಿನ ದೃಷ್ಟಿಯಲ್ಲಿ ಅದು ಸರಕಾರದ ಸ್ವತ್ತೆಂಬ ಸಂಗತಿ ತಿಳಿದದ್ದು 1974ರ ಸುಮಾರಿಗೆ, ಇತಿಹಾಸಕಾರ ಹೆನ್ರಿ ರೆನಾಲ್ಡ್ಸ್ ಮೊದಲಾದವರೊಡನೆ ಮಾತನಾಡುತ್ತಿದ್ದಾಗ. 1981ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಜರುಗಿದ ಭೂಹಕ್ಕು ಸಮ್ಮೇಳನದಲ್ಲಿ ಅವರು ಮಾತನಾಡಿದರು. ಆ ಸಮ್ಮೇಳನದಿಂದಲೇ ಮೊಕದ್ದಮೆ ಹುಟ್ಟಿತು. 1982ರಲ್ಲಿ ದಾಖಲಾದ ಆ ಮೊಕದ್ದಮೆಯ ಅಂತಿಮ ತೀರ್ಪು ಹೊರಬಿದ್ದದ್ದು 1992ರ ಜೂನ್ 3ರಂದು. ಆಂಗ್ಲರು ಬರುವ ಮೊದಲು ಆ ನೆಲ ಯಾರದೂ ಆಗಿರಲಿಲ್ಲವೆಂಬ ವಾದವನ್ನು ಉಚ್ಚ ನ್ಯಾಯಪೀಠದ ಏಳು ನ್ಯಾಯಾಧೀಶರಲ್ಲಿ ಆರು ಮಂದಿ ತಳ್ಳಿಹಾಕಿದರು. ಅದನ್ನು ಕೇಳಲು ಮಾಬೋ ಇರಲಿಲ್ಲ. ಅದೇ ಜನವರಿಯಲ್ಲಿ ತೀರಿಕೊಂಡಿದ್ದರು.

ಇಷ್ಟು ಅನೇಕರಿಗೆ ತಿಳಿದಿದೆ. ಮೊಕದ್ದಮೆಗೆ ಒಂಬತ್ತು ವರ್ಷ ಮೊದಲೇ, 1973ರಲ್ಲಿ, ತಮ್ಮ ಜನರ ಮಕ್ಕಳಿಗಾಗಿ ಅವರು ಟೌನ್ಸ್‌ವಿಲ್‌ನಲ್ಲಿ ಒಂದು ಶಾಲೆ ತೆರೆದರೆಂಬುದು ಅಷ್ಟಾಗಿ ತಿಳಿದಿಲ್ಲ. ಅದು 1985ರಲ್ಲಿ ಮುಚ್ಚಿತು. ನ್ಯಾಯಾಲಯದ ಗೆಲುವಿನಷ್ಟೇ ಈ ಶಾಲೆಯೂ ದೊಡ್ಡದೆಂದು ನಾನು ಎಣಿಸುತ್ತೇನೆ.

ಕಾರಣವುಂಟು. 1993ರ ಕಾಯಿದೆಯ ಪ್ರಕಾರ, ಹಕ್ಕು ಕೇಳುವವರು ತಮ್ಮ ಸಾಂಪ್ರದಾಯಿಕ ಕಟ್ಟಳೆ, ಆಚಾರಗಳ ಮೂಲಕ ನೆಲದೊಡನೆ ಇರುವ ಸಂಬಂಧವನ್ನು ತೋರಿಸಬೇಕು. ಅದು ಕಡಿಯದೆ ಉಳಿದು ಬಂದಿರಬೇಕೆಂದು ನ್ಯಾಯಾಲಯ ಅರ್ಥೈಸಿತು. 2002ರಲ್ಲಿ ಯೋರ್ಟಾ ಯೋರ್ಟಾ ಜನ ಸೋತದ್ದು ಇಲ್ಲಿಯೇ. ವಿಚಾರಣಾ ನ್ಯಾಯಾಧೀಶರು ಅವರ ಹಿರಿಯರ ಬಾಯಿಮಾತಿಗಿಂತ ಹತ್ತೊಂಬತ್ತನೆಯ ಶತಮಾನದ ಬಿಳಿಯ ವಲಸೆಗಾರನೊಬ್ಬನ ಬರಹಕ್ಕೆ ಹೆಚ್ಚು ಬೆಲೆ ಕೊಟ್ಟಿದ್ದರು. ಊರು ಬಿಡಿಸಿ, ನಾಲಗೆ ಮರೆಸಿ, ಆಮೇಲೆ ನೆನಪಿನ ಸಾಕ್ಷ್ಯ ಕೇಳುವುದು ಯಾವ ನ್ಯಾಯ? ಪುರಾವೆಯಿಲ್ಲದೆ ನ್ಯಾಯಾಲಯ ನಡೆಯದೆಂಬುದು ಸರಿ. ಆದರೆ ಆ ಭಾರ ಸಂಬಂಧವನ್ನು ಕಡಿದವರ ಮೇಲಿರಲಿ, ಕಳೆದುಕೊಂಡವರ ಮೇಲಲ್ಲ.

2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ, ಮೂಲನಿವಾಸಿಗಳ ಸಲಹಾ ಮಂಡಲಿಗೆ ಸಂವಿಧಾನದಲ್ಲಿ ಸ್ಥಾನ ಕೊಡುವ ಪ್ರಸ್ತಾವವನ್ನೂ ಆ ದೇಶ ತಿರಸ್ಕರಿಸಿತು. ಆದುದರಿಂದ ಮಾಬೋ ಹೆಸರಿನ ಉಪನ್ಯಾಸದ ಕೆಲಸ ಇನ್ನೂ ಮುಗಿದಿಲ್ಲ.

ಗಡಿಯಾಚೆಯ ಕನ್ನಡಿಗರಾದ ನಮ್ಮ ಸ್ಥಿತಿಯನ್ನು ಅವರ ಸಂಕಟಕ್ಕೆ ಹೋಲಿಸುವುದು ಅತಿಯಾದೀತು. ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ ನಮ್ಮ ಸಂವಿಧಾನದ 350ಎ ವಿಧಿಯ ಆಸರೆಯಿದೆ. ಆದರೆ ಕಲಿಯುವ ಮಕ್ಕಳಿಲ್ಲದಿದ್ದರೆ ವಿಧಿ ಬರಿಯ ಅಕ್ಷರ. ಹಕ್ಕನ್ನು ನ್ಯಾಯಾಲಯ ಘೋಷಿಸಬಹುದು. ಹಕ್ಕಿಗೆ ಬೇಕಾದ ನೆನಪನ್ನು ಉಳಿಸುವುದು ಶಾಲೆ. ಐವತ್ತು ವರ್ಷ ಬಾಗಿಲು ತೆರೆದಿಟ್ಟ ಈ ವಿದ್ಯಾಲಯ ಮಾಡಿದ್ದು ಅದನ್ನೇ. ನಮ್ಮ ಮಕ್ಕಳನ್ನು ಇಲ್ಲಿಗೆ ಕಳುಹಿಸುವುದೇ ಈ ಸುವರ್ಣ ಮಹೋತ್ಸವಕ್ಕೆ ನಾವು ಸಲ್ಲಿಸಬಹುದಾದ ಗೌರವ.