ಇಂಟರ್ನ್‌ಶಿಪ್ ವೇಳಾಪಟ್ಟಿ ಮನೆಗೂ ತಲುಪಲಿ

ಫೆಬ್ರುವರಿಯ ಬಿಸಿಲಿನಲ್ಲಿ ಮಾಡಬೇಕಾದ ಪಾಠದ ಪೀಠಿಕೆಯಲ್ಲಿ ‘ಮಕ್ಕಳೇ, ನಿನ್ನೆ ಸಂಜೆ ಮಳೆ ಬಂತಲ್ಲವೇ?’ ಎಂಬ ಪ್ರಶ್ನೆ ಕಂಡರೆ, ಅದು ಹಿಂದಿನ ತಂಡದ ಯಾರದೋ ಪುಸ್ತಕದಿಂದ ಇಳಿದು ಬಂದದ್ದೆಂದು ಪಾಠಯೋಜನೆ ತಿದ್ದುವ ನಮಗೆಲ್ಲ ತಕ್ಷಣ ಗೊತ್ತಾಗುತ್ತದೆ. ಸೋಮಾರಿತನ ಎಂದುಬಿಡುವುದು ಸುಲಭ. ಆದರೆ ‘ಇದನ್ನು ಎಷ್ಟು ಹೊತ್ತಿಗೆ ಬರೆದೆ?’ ಎಂದು ಕೇಳಿ ನೋಡಿ. ‘ರಾತ್ರಿ ಹನ್ನೊಂದಕ್ಕೆ ಸರ್, ಪಾತ್ರೆ ಮುಗಿದ ಮೇಲೆ’ ಎಂಬಂಥ ಉತ್ತರಗಳೇ ಹೆಚ್ಚು. ಹನ್ನೊಂದು ಗಂಟೆಗೆ ಕುಳಿತವರು ಯೋಜನೆ ಮಾಡುವುದಿಲ್ಲ, ಪುಟ ತುಂಬಿಸುತ್ತಾರೆ.

2014ರ ಎನ್‌ಸಿಟಿಇ ನಿಯಮಾವಳಿಯ ನಂತರ ಬಿ.ಇಡಿ. ಎರಡು ವರ್ಷದ್ದಾಯಿತು. ಶಾಲಾ ಇಂಟರ್ನ್‌ಶಿಪ್ ಒಟ್ಟು 20 ವಾರ. ಅದರಲ್ಲಿ 16 ವಾರ ಎರಡನೇ ವರ್ಷದಲ್ಲೇ ಬರುತ್ತದೆ. ಇದು ಒಳ್ಳೆಯ ಬದಲಾವಣೆ. ಲೆಕ್ಕಕ್ಕಿಷ್ಟು ಪಾಠ ಮುಗಿಸಿ ಬರುವುದಕ್ಕೂ ಪ್ರಾರ್ಥನೆ, ಹಾಜರಾತಿ, ಬಿಸಿಯೂಟ, ಘಟಕ ಪರೀಕ್ಷೆಗಳ ನಡುವೆ ತಿಂಗಳುಗಟ್ಟಲೆ ಇರುವುದಕ್ಕೂ ಹೋಲಿಕೆಯೇ ಇಲ್ಲ. ಆದರೆ ಹದಿನೈದು ದಿನವನ್ನಾದರೆ ನಿದ್ದೆಗೆಟ್ಟೋ, ತವರಿನಿಂದ ಅಮ್ಮನನ್ನು ಕರೆಸಿಕೊಂಡೋ ತಳ್ಳಬಹುದು. 16 ವಾರವನ್ನು ಹಾಗೆ ತಳ್ಳಲಾಗದು. ಅಷ್ಟು ದಿನ ನಡೆಯಬೇಕಾದರೆ ಮನೆಯ ವಾರವೇ ಬದಲಾಗಬೇಕು.

ಅದು ತಾನಾಗಿ ಬದಲಾಗುವುದಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಪುರುಷರು 88 ನಿಮಿಷ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, 40 ನಿಮಿಷದ ಏಳು ಅವಧಿಗಿಂತ ಹೆಚ್ಚು. ಶಾಲೆಯ ಒಂದು ಪೂರ್ತಿ ದಿನ ಮನೆಯಲ್ಲೇ ಮುಗಿದಿರುತ್ತದೆ. ಕಾಲೇಜಿನ ವೇಳಾಪಟ್ಟಿ ಈ ಏಳು ಅವಧಿಗಳನ್ನು ಎಲ್ಲೂ ತೋರಿಸುವುದಿಲ್ಲ. ಮನೆಯಲ್ಲಿ ಯಾರೋ ನೋಡಿಕೊಳ್ಳುತ್ತಾರೆ ಎಂದುಕೊಂಡಿರುತ್ತದೆ. ಆ ಯಾರೋ ನಮ್ಮೆದುರಿಗೇ ಚಾರ್ಟು ಸುರುಳಿ ಹಿಡಿದು ನಿಂತಿರುತ್ತಾಳೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಾಲ್ಲೂಕು ಊರು. ಗಂಡನಿಗೆ ಅಂಗಡಿ ಕೆಲಸ, ಐದನೇ ಮತ್ತು ಎರಡನೇ ತರಗತಿಯ ಇಬ್ಬರು ಮಕ್ಕಳು, ಬಿಪಿ ಮಾತ್ರೆ ತೆಗೆದುಕೊಳ್ಳುವ ಅತ್ತೆ. ನಲ್ಲಿ ನೀರು ಮೂರು ದಿನಕ್ಕೊಮ್ಮೆ. ಇಂಟರ್ನ್‌ಶಿಪ್ ಶಾಲೆ 18 ಕಿ.ಮೀ. ದೂರ. ಶನಿವಾರ ಬೆಳಗಿನ ಶಾಲೆ. ಉಳಿದ ದಿನ ಎಂಟೂಕಾಲರ ಬಸ್ಸು ಸಾಕಾದರೆ ಅಂದು ಆರೂವರೆಯದ್ದು ಬೇಕು. ಭಾನುವಾರ ಎಂದರೆ ಒಗೆಯುವ ಬಟ್ಟೆಯ ರಾಶಿ, ದೋಸೆ ಹಿಟ್ಟು, ಸಂತೆ, ಜೊತೆಗೆ ಸೋಮವಾರದ ಎರಡು ಪಾಠ. ಇಂಥ ಮನೆಗೆ ಅರ್ಧರ್ಧ ಗಂಟೆಯ ಚೌಕ ಹಾಕಿದ ವೇಳಾಪಟ್ಟಿ ಕೊಟ್ಟರೆ ಮಂಗಳವಾರದೊಳಗೆ ಹರಿದುಹೋಗುತ್ತದೆ. ಪತ್ರಿಕೆಗಳ ಮಹಿಳಾ ಪುಟಗಳು ಹೇಳುವ ‘ಐದಕ್ಕೆ ಎದ್ದು ಯೋಗ ಮಾಡಿ’ ಎಂಬುದನ್ನು ಇಲ್ಲಿ ಯಾರೂ ಹೇಳದಿರುವುದು ಒಳ್ಳೆಯದು. ಅವಳು ಎದ್ದಾಗಲೇ ನಾಲ್ಕೂವರೆ.

ಬೇಕಾಗಿರುವುದು ಮನೆಮಂದಿ ಒಟ್ಟಿಗೆ ಕುಳಿತು ವಾರವನ್ನು ಒಮ್ಮೆ ನೋಡುವುದು. ಮೊದಲು ಜರುಗಿಸಲಾಗದ ಕೆಲಸ: ಬಸ್ಸು, ನೀರಿನ ಸರದಿ, ಮಾತ್ರೆ, ಮಕ್ಕಳ ಶಾಲೆ. ಆಮೇಲೆ ಜರುಗಿಸಬಹುದಾದದ್ದು. ಒಗೆತ ಭಾನುವಾರಕ್ಕೇ ಬರಬೇಕೆಂದಿಲ್ಲ, ನೀರು ಬಂದ ದಿನ ಅರ್ಧ ಮುಗಿಯಬಹುದು. ಉತ್ತರ ಕರ್ನಾಟಕದ ಮನೆಗಳಿಗೆ ಇದು ಹೊಸದೇನಲ್ಲ: ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಡಬ್ಬಿಯಲ್ಲಿದ್ದರೆ ಎರಡು ಬೆಳಗ್ಗೆ ಉಳಿದಂತೆಯೇ. ಕೊನೆಗೆ, ಬಿಡಬಹುದಾದ ಕೆಲಸ. ಇದು ಎಲ್ಲಕ್ಕಿಂತ ಕಷ್ಟ. ಎರಡನೇ ಪಲ್ಯ, ಪ್ರತಿ ಬಟ್ಟೆಗೂ ಇಸ್ತ್ರಿ, ದೂರದ ನೆಂಟರ ನಾಮಕರಣ: ಇವನ್ನು ಬಿಟ್ಟರೆ ಮಾತು ಕೇಳಬೇಕಾದವಳು ಸೊಸೆ. ಹಾಗಾಗಿ ‘ಈ ನಾಲ್ಕು ತಿಂಗಳು ಇದು ಬೇಡ’ ಎಂಬ ಮಾತು ಅತ್ತೆಯ ಬಾಯಿಂದಲೋ ಗಂಡನ ಬಾಯಿಂದಲೋ ಬರಬೇಕು.

ಹಂಚಿಕೆಯಲ್ಲಿ ನಾವು ಸಾಮಾನ್ಯವಾಗಿ ತಪ್ಪುವುದು ಒಂದೇ ಕಡೆ. ಕೆಲಸ ಕೊಡುತ್ತೇವೆ, ಅದರ ನೆನಪನ್ನು ಕೊಡುವುದಿಲ್ಲ. ತರಕಾರಿ ತರುವುದು ಗಂಡನ ಪಾಲು ಎಂದು ಬರೆದಿರುತ್ತದೆ; ಸಂತೆಯಲ್ಲಿ ನಿಂತು ‘ಏನು ತರಲಿ?’ ಎಂದು ಫೋನು ಮಾಡಿದರೆ ಅರ್ಧ ಕೆಲಸ ಅವಳ ತಲೆಯಲ್ಲೇ ಉಳಿಯಿತು. ಬುಟ್ಟಿಯಲ್ಲಿ ಏನಿದೆ, ಯಾವುದು ಬಾಡುತ್ತಿದೆ, ಬುಧವಾರಕ್ಕೆ ಏನು ಬೇಕು ಎಂದು ನೋಡುವುದೂ ಸೇರಿಯೇ ತರಕಾರಿ ತರುವ ಕೆಲಸ. ಒಂದು ಕೆಲಸ, ಒಂದು ಹೆಸರು, ಯೋಚನೆಯಿಂದ ಮುಗಿಯುವವರೆಗೆ. ಮಾತ್ರೆ ಮುಗಿಯುವ ಮೊದಲು ತರಿಸುವುದು ಮಗನ ಹೊಣೆಯಾಗಲಿ. ಐದನೇ ತರಗತಿಯ ಹುಡುಗ ತನ್ನ ಮತ್ತು ತಂಗಿಯ ನೀರಿನ ಬಾಟಲಿ ತುಂಬಿಸಬಲ್ಲ, ಒಂದೆರಡು ದಿನ ಮರೆಯುತ್ತಾನೆ, ಮರೆಯಲಿ. ಸಾಂಬಾರು ಬೇರೆ ರುಚಿಯಾದರೆ ಆಗಲಿ. ತನ್ನ ಹದಕ್ಕೇ ಬರಬೇಕೆಂದು ಅವಳೂ ಹಟ ಹಿಡಿಯಬಾರದು.

ವಾರದಲ್ಲಿ ಒಂದು ಸಂಜೆಯಾದರೂ ಖಾಲಿ ಇರಲಿ, ಬುಧವಾರ ಅನ್ನೋಣ. 40 ನಿಮಿಷದ ಅವಧಿಗೆ 40 ನಿಮಿಷದ ಚಟುವಟಿಕೆ ತುಂಬಬೇಡಿ, ಮಕ್ಕಳ ಪ್ರಶ್ನೆಗೆ ಜಾಗವಿಡಿ ಎಂದು ಅಣುಬೋಧನೆಯ ದಿನಗಳಿಂದ ಹೇಳುತ್ತೇವಲ್ಲ, ಹಾಗೆಯೇ. ಮಗುವಿನ ಜ್ವರ, ಕೆಟ್ಟು ನಿಂತ ಬಸ್ಸು, ಗ್ಯಾಸ್ ಮುಗಿದದ್ದು, ಎಲ್ಲ ಆ ಸಂಜೆಗೆ ಬಂದು ಸೇರುತ್ತವೆ. ಏನೂ ಬರದಿದ್ದರೆ ಅವಳು ಮಲಗಲಿ.

ಇಷ್ಟೂ ಮನೆಯ ಪಾಲು. ಕಾಲೇಜಿನ ಪಾಲು ಇನ್ನೂ ದೊಡ್ಡದು. ಶುಕ್ರವಾರ ಸಂಜೆ ಬದಲಾದ ಪಾಠ ಹಂಚಿಕೆ, ಶನಿವಾರ ರಾತ್ರಿ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುವ ‘ಸೋಮವಾರ ಪಾಠವೀಕ್ಷಣೆ ಇದೆ’ ಎಂಬ ಸಂದೇಶ: ಇವು ಎಂಥ ವ್ಯವಸ್ಥಿತ ಮನೆಯ ವಾರವನ್ನೂ ಕೆಡಿಸುತ್ತವೆ. ಮುಂದಿನ ವಾರದ ಪಾಠ ಹಂಚಿಕೆ ಗುರುವಾರದೊಳಗೆ ಕೈಗೆ ಸಿಗಬೇಕು. ಬೋಧನೋಪಕರಣದ ಸಂಖ್ಯೆಗೆ ಅಂಕ ಕೊಡುವುದು ನಿಲ್ಲಬೇಕು. ಬೀನ್ಸು ಕಾಳು, ಬೆಂಕಿಕಡ್ಡಿಯಲ್ಲಿ ಮುಗಿಯುವ ಪಾಠಕ್ಕೆ ಥರ್ಮಾಕೋಲ್ ಮಾದರಿ ಯಾಕೆ? ಇಂಟರ್ನ್‌ಶಿಪ್‌ಗೆ ಮುಂಚಿನ ಪರಿಚಯ ಸಭೆಯಲ್ಲಿ ಒಂದು ಗಂಟೆ ಮನೆಯ ವಾರಕ್ಕೆ ಮೀಸಲಾಗಲಿ, ಬರಲು ಸಾಧ್ಯವಾದ ಮನೆಯವರೂ ಬರಲಿ. ವೇಳಾಪಟ್ಟಿಯ ಒಂದು ಪ್ರತಿ ಅವರ ಕೈಗೇ ಹೋಗಲಿ.

‘ಮನೆ ವಿಷಯ ನಮಗೇಕೆ?’ ಎಂದು ಸಹೋದ್ಯೋಗಿಗಳು ಕೇಳಬಹುದು. ಯಾರ ಮನೆಯ ಅಡುಗೆಯನ್ನೂ ನಾವು ಇಣುಕಿ ನೋಡಬೇಕಿಲ್ಲ, ಹಾಳೆಯನ್ನು ತಿರುಗಿ ಕೇಳಲೂಬೇಕಿಲ್ಲ. ಆದರೆ ಅವರ ರಾತ್ರಿ ಹನ್ನೊಂದು ಗಂಟೆಯ ಮೇಲೆ ನಮ್ಮ ವೇಳಾಪಟ್ಟಿ ಆಗಲೇ ಕೈಯಿಟ್ಟಿದೆ. ಇನ್ನು ಮದುವೆಯಾಗದವರು, ಹುಡುಗರು? ಅವರಿಗೂ ಅದೇ ಹಾಳೆ ಕೊಡಬೇಕು, ಒಂದು ಪ್ರಶ್ನೆ ಹೆಚ್ಚಿಗೆ ಸೇರಿಸಿ: ನೀನು ಪಾಠಯೋಜನೆ ಬರೆಯುತ್ತಿದ್ದ ಹೊತ್ತಿನಲ್ಲಿ ನಿನ್ನ ಅಂಗಿ ಒಗೆದವರು ಯಾರು, ಡಬ್ಬಿ ಕಟ್ಟಿದವರು ಯಾರು?