ಧಾವಂತದಲ್ಲಿ ಕರುಣೆಗೆ ಜಾಗವೆಲ್ಲಿ?

‘ರೋಗಿಗಳೊಂದಿಗೆ ಮಾನವೀಯತೆಯಿಂದ ವರ್ತಿಸಿ’ ಎಂದು ಆಸ್ಪತ್ರೆ ಸಿಬ್ಬಂದಿಗೆ ತಾಕೀತು ಮಾಡದ ವರ್ಷವಿಲ್ಲ. ವೈದ್ಯರು ಗದರಿದರು, ನರ್ಸ್ ಮುಖ ಕೊಟ್ಟು ಮಾತನಾಡಲಿಲ್ಲ ಎಂಬ ದೂರು ಬಂದಾಗಲೆಲ್ಲ ಮೇಲಿನಿಂದ ಬರುವುದು ಇದೇ ಮಾತು. ಕರುಣೆ ಸ್ವಭಾವಕ್ಕೆ ಸೇರಿದ್ದು, ಇಲ್ಲದವರಿಗೆ ಬುದ್ಧಿ ಹೇಳಿದರೆ ಬರುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಐವತ್ತು ವರ್ಷಗಳ ಮನೋವಿಜ್ಞಾನ ಈ ನಂಬಿಕೆಯನ್ನು ಚೆನ್ನಾಗಿಯೇ ಅಲುಗಾಡಿಸಿದೆ.

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳೊಂದಿಗೆ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ನಡೆಸಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಪುಟ್ಟ ಭಾಷಣ ಮಾಡಬೇಕಿತ್ತು. ಕೆಲವರಿಗೆ ಕೊಟ್ಟಿದ್ದ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಪಚರಿಸಿದ ಸಮಾರ್ಯದವನ ಬಗ್ಗೆ ಯೇಸು ಹೇಳಿದ ಕಥೆ. ಅವರು ಹೋಗುವ ಓಣಿಯಲ್ಲಿ ಒಬ್ಬಾತ ಬಾಗಿಲಿಗೊರಗಿ ಕೆಮ್ಮುತ್ತ ನರಳುತ್ತಿದ್ದ. ಆತನನ್ನು ಅಲ್ಲಿ ಕೂರಿಸಿದ್ದವರು ಸಂಶೋಧಕರೇ. ‘ಇನ್ನೂ ಸಮಯವಿದೆ’ ಎಂದು ಹೇಳಿ ಕಳುಹಿಸಿದವರಲ್ಲಿ ಶೇ 63ರಷ್ಟು ಮಂದಿ ನೆರವಿಗೆ ಬಂದರು. ‘ಆಗಲೇ ತಡವಾಗಿದೆ’ ಎಂದು ಅವಸರಪಡಿಸಿದವರಲ್ಲಿ ಶೇ 10 ಮಾತ್ರ. ಸಮಾರ್ಯದವನ ಕಥೆ ಹೇಳಲು ಹೊರಟಿದ್ದರೋ ಬೇರೇನೋ ಎಂಬುದು ಗಮನಾರ್ಹ ವ್ಯತ್ಯಾಸ ತರಲಿಲ್ಲ. ನಿಲ್ಲದೆ ಹೋದವರಲ್ಲಿ ಹಲವರು ಭಾಷಣದ ಕೋಣೆ ತಲುಪಿದಾಗ ತಳಮಳಗೊಂಡಿದ್ದರು. ಅವರು ಕಲ್ಲೆದೆಯವರಲ್ಲ, ಅವರ ಮನಸ್ಸನ್ನು ಅವಸರ ಮೊದಲೇ ಹಿಡಿದಿತ್ತು. ಪ್ರಯೋಗ ಚಿಕ್ಕದು, ನಿಜ. ಆದರೆ ಅದು ಕೇಳುವ ಪ್ರಶ್ನೆ ಚಿಕ್ಕದಲ್ಲ.

ಈಗ ನಮ್ಮ ಯಾವುದಾದರೂ ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗಿ. ಚೀಟಿ ಹಿಡಿದವರ ಸಾಲು ಬಾಗಿಲು ದಾಟಿರುತ್ತದೆ. ಒಬ್ಬರು ನೋವು ಹೇಳಿಕೊಳ್ಳುತ್ತಿರುವಾಗಲೇ ಇನ್ನಿಬ್ಬರು ಅವರ ಹೆಗಲ ಮೇಲಿಂದ ರಿಪೋರ್ಟ್ ಚಾಚುತ್ತಾರೆ. ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯದ ಬಗ್ಗೆ 67 ದೇಶಗಳ ಮಾಹಿತಿ ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ ಸ್ವೀಡನ್ನಿನ ಸರಾಸರಿ 22.5 ನಿಮಿಷ, ಬಾಂಗ್ಲಾದೇಶದ್ದು 48 ಸೆಕೆಂಡು. ಭಾರತದ್ದು ಎರಡು ನಿಮಿಷದ ಆಸುಪಾಸು.

ಹಾಗೆಂದು ಕರುಣೆಗೆ ಗಂಟೆಗಟ್ಟಲೆ ಬೇಕಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಸಮಾಲೋಚನೆಯ ವಿಡಿಯೊ ತೋರಿಸಲಾಯಿತು. ಒಂದು ಗುಂಪು ನೋಡಿದ ವಿಡಿಯೊದಲ್ಲಿ ವೈದ್ಯರ ಭರವಸೆಯ ಮಾತುಗಳು 40 ಸೆಕೆಂಡು ಹೆಚ್ಚಿದ್ದವು, ಅಷ್ಟೆ. ಆ ಗುಂಪಿನ ಆತಂಕ ಸ್ಪಷ್ಟವಾಗಿ ತಗ್ಗಿತು. ನಮ್ಮ ಎರಡು ನಿಮಿಷದಲ್ಲಿ ಈ 40 ಸೆಕೆಂಡು ಸಿಗದೇ ಎಂದು ಕೇಳಬಹುದು. ಕಣ್ಣು ಬಾಗಿಲ ಬಳಿಯ ಸಾಲಿನ ಮೇಲಿದ್ದರೆ ಸಿಗುವುದಿಲ್ಲ.

ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಪರರ ನೋವನ್ನು ತನ್ನದೇ ಎಂಬಂತೆ ಅನುಭವಿಸುವುದೇ ಕರುಣೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಸಂಶೋಧಕರಾದ ಟಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಅವರ ತಂಡ ಇವೆರಡನ್ನೂ ಬೇರೆಬೇರೆಯಾಗಿ ಕಲಿಸಿ, ಮೆದುಳಿನ ಸ್ಕ್ಯಾನ್ ಮಾಡಿ ನೋಡಿತು. ಇತರರ ಸಂಕಟದೊಂದಿಗೆ ಒಂದಾಗಲು ಕಲಿತವರಲ್ಲಿ ದುಗುಡ ಹೆಚ್ಚಿತು. ಆಮೇಲೆ ಅವರಿಗೇ ಕರುಣೆಯ ಧ್ಯಾನ ಕಲಿಸಿದಾಗ ಮನಸ್ಸು ತಿಳಿಯಾಯಿತು. ಮೆದುಳಿನಲ್ಲಿ ಚುರುಕಾದ ಭಾಗಗಳೂ ಬೇರೆಯೇ ಆಗಿದ್ದವು. ವಾರ್ಡಿನಲ್ಲಿ ಹತ್ತು ವರ್ಷ ದುಡಿದ ಸಿಸ್ಟರ್ ಒಬ್ಬರು ಮರಗಟ್ಟಿದಂತೆ ಕಂಡರೆ ಅವರ ಕರುಣೆ ಬತ್ತಿದೆ ಎಂದುಬಿಡುತ್ತೇವೆ. ಹಲವು ಸಲ ಆಗಿರುವುದು ಬೇರೆ: ಸಂಕಟ ಕಾಣುತ್ತಲೇ ಇದೆ, ಅದನ್ನು ತಗ್ಗಿಸುವ ಆಸರೆ ಮಾತ್ರ ಅವರ ಕೈಯಲ್ಲಿಲ್ಲ. ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ ಇದು.

ಯುವ ವೈದ್ಯರನ್ನು ಬೆಳೆಸುವಾಗಲೂ ನಾವು ಇಂಥ ಆಸರೆ ಕೊಡುತ್ತಿಲ್ಲ. ರೋಗಿಯೊಂದಿಗಿನ ಸಂವಹನ ಮತ್ತು ನೈತಿಕತೆಯನ್ನು 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲೇ ಸೇರಿಸಲಾಗಿದೆ. ಒಳ್ಳೆಯ ಹೆಜ್ಜೆ. ಆದರೆ ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಮೊಹಮ್ಮದ್ರೇಜಾ ಹೊಜತ್ ನಡೆಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳ ಸಹಾನುಭೂತಿ ಕುಸಿದದ್ದು ಮೂರನೇ ವರ್ಷದಲ್ಲಿ, ಅಂದರೆ ಅವರು ರೋಗಿಗಳ ಹತ್ತಿರ ಬರುವ ಹೊತ್ತಿನಲ್ಲೇ. ನಿದ್ದೆಗೆಟ್ಟು ಸತತ ಡ್ಯೂಟಿ ಮಾಡುವ, ಸೀನಿಯರ್‌ಗಳಿಂದ ಎಲ್ಲರೆದುರು ಬೈಸಿಕೊಳ್ಳುವ ಹೌಸ್ ಸರ್ಜನ್‌ಗೆ ತರಗತಿಯಲ್ಲಿ ಕಲಿತದ್ದು ಎಷ್ಟು ದಿನ ಉಳಿದೀತು?

ಕರುಣೆಗೆ ಅನುಕೂಲವಾಗುವಂತೆ ಸಂಸ್ಥೆ ಕಟ್ಟಲು ಸಾಧ್ಯ. ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ನಡೆಸುವ ‘ಕರುಣಾಶ್ರಯ’ ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ನೋವು ತಗ್ಗಿಸುವುದು, ಜತೆಗಿರುವುದು ಅಲ್ಲಿ ಬಿಡುವಾದಾಗ ಮಾಡುವ ಕೆಲಸವಲ್ಲ. ಅಲ್ಲಿನ ಕೆಲಸವೇ ಅದು.

ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಮರೆವಿನ ಕಾಯಿಲೆಯ ಅತ್ತೆಯನ್ನು ಹಗಲಿರುಳು ಒಬ್ಬಳೇ ನೋಡಿಕೊಳ್ಳುವ ಸೊಸೆ ಒಮ್ಮೆ ರೇಗಿದರೆ ನೆಂಟರಿಷ್ಟರು ತಾಳ್ಮೆಯ ಪಾಠ ಹೇಳುತ್ತಾರೆ. ವಾರಕ್ಕೊಂದು ಮಧ್ಯಾಹ್ನ ಅವರೇ ಬಂದು ಕೂತರೆ ಆಕೆಗೆ ಒಂದಿಷ್ಟು ನಿದ್ದೆಯಾದರೂ ಸಿಗುತ್ತದೆ. ಸರ್ಕಾರದ ಪಾಲಿನ ಕೆಲಸವೂ ಸ್ಪಷ್ಟವಾಗಿದೆ: ಖಾಲಿ ಹುದ್ದೆಗಳನ್ನು ತುಂಬುವುದು, ಡ್ಯೂಟಿಯ ಅವಧಿಗೆ ಮಿತಿ ಹಾಕುವುದು, ದಿನಕ್ಕೆ ಎಷ್ಟು ರೋಗಿಗಳನ್ನು ನೋಡಿದಿರಿ ಎಂದು ಕೇಳುವ ಪರಿಶೀಲನಾ ಸಭೆಗಳಲ್ಲಿ, ಒಬ್ಬೊಬ್ಬರಿಗೆ ಎಷ್ಟು ನಿಮಿಷ ಕೊಡಲಾಯಿತು ಎಂಬ ಲೆಕ್ಕವನ್ನೂ ಕೇಳುವುದು.